ನಾಯಿಯ ಲುಪ್ತಾಂಗವೇದನೆ: ಸಾಕ್ಷ್ಯದ ಒಂದು ಸಮಸ್ಯೆ

1. ಪೀಠಿಕೆ

ಲಿಖಿತ ಆಧಾರವನ್ನು ಬಿಟ್ಟುಹೋಗದವರ ಚರಿತ್ರೆಯನ್ನು ಹೇಗೆ ತಿಳಿಯಬೇಕೆಂಬುದು ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಚಿರಪರಿಚಿತವಾದ ಪ್ರಶ್ನೆಯಷ್ಟೆ. ಶಾಸನವನ್ನು ಬರೆಯಿಸಿದ ದೊರೆಯ ಮಾತು ನಮಗೆ ಕೇಳಿಸುತ್ತದೆ; ಆ ಕಲ್ಲನ್ನು ಕಡಿದು ಹೊತ್ತು ತಂದವನ ಮಾತು ಕೇಳಿಸುವುದಿಲ್ಲ. ಕೇಳಿಸದ ಮಾತ್ರಕ್ಕೆ ಅವನಿಗೆ ಹೇಳುವುದೇನೂ ಇರಲಿಲ್ಲವೆಂದು ತೀರ್ಮಾನಿಸುವುದು ಯುಕ್ತವಲ್ಲ. ಇದೇ ಪ್ರಶ್ನೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಬೇರೊಂದು ರೂಪದಿಂದ ಎದುರಾಗುತ್ತದೆ. ಕತ್ತರಿಸಿ ತೆಗೆದ ಕಾಲು ಇನ್ನೂ ನೋಯುತ್ತಿದೆಯೆಂದು ಮನುಷ್ಯನು ಹೇಳಬಲ್ಲನು, ನಾಯಿ ಹೇಳಲಾರದು. ಹಾಗಾದರೆ ನಾಯಿಗೆ ಆ ಬಗೆಯ ನೋವು ಉಂಟೊ ಇಲ್ಲವೊ ಎಂಬುದನ್ನು ಯಾವ ಆಧಾರದ ಮೇಲೆ ನಿರ್ಣಯಿಸಬೇಕು? ನಿರ್ಣಯವು ಪೂರ್ಣವಾಗುವುದಕ್ಕೆ ಮೊದಲೇ ಅದಕ್ಕೆ ಚಿಕಿತ್ಸೆ ಮಾಡಬಹುದೆ? ಈ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ವಿಷಯವು ಇತಿಹಾಸ ವಿಭಾಗದ ಎಲ್ಲೆಯನ್ನು ಮೀರಿದುದೆಂದು ವಾಚಕರಿಗೆ ತೋರಬಹುದು. ಆದರೆ ನಾಯಿಯ ವಿಚಾರ ನಮ್ಮ ದಾಖಲೆಗಳಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಕ್ರಿ.ಶ. 949–50ರಷ್ಟು ಹಿಂದಿನದು, ಮಣಲೇರನ ನಾಯಿಯಾದ ಕಾಳಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಅದು ಸ್ಮರಿಸುತ್ತದೆ. ನಾಯಿಯ ಶೌರ್ಯವನ್ನು ಕಲ್ಲಿನಲ್ಲಿ ಕೆತ್ತಿಸಿದ ಆ ಕಾಲದವರು ಅದರ ಗಾಯದ ವಿಷಯವಾಗಿ ಏನನ್ನೂ ಹೇಳಲಿಲ್ಲ; ವೀರಗಲ್ಲಿನ ಉದ್ದೇಶವೂ ಅದಾಗಿರಲಿಲ್ಲ. ನಾಯಿಯ ಬಗೆಗೆ ದೊರೆಯುವ ದಾಖಲೆಗಳೆಲ್ಲ ಮನುಷ್ಯನು ಕಂಡು, ತನಗೆ ಬೇಕಾದಷ್ಟನ್ನು ಬರೆದಿಟ್ಟವು ಎಂಬ ಸಂಗತಿಯನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿಡಬೇಕು.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಂಗಚ್ಛೇದನವಾದ ಬಳಿಕ ಕಾಣಿಸಿಕೊಳ್ಳುವ ಅನುಭವಗಳು ಮೂರು ತೆರನಾದವು. ಇಲ್ಲದ ಅಂಗವು ಇದ್ದಂತೆಯೇ ಭಾಸವಾಗುವುದು ಮೊದಲನೆಯದು. ಇದನ್ನು ಲುಪ್ತಾಂಗಸಂವೇದನೆ ಎನ್ನಬಹುದು. ಆ ಇಲ್ಲದ ಅಂಗದಲ್ಲಿ ಉರಿ, ಸೆಳೆತ, ಇರಿತ ಮೊದಲಾದ ನೋವು ತೋರುವುದು ಎರಡನೆಯದು; ಇಂಗ್ಲಿಷಿನಲ್ಲಿ 'ಫ್ಯಾಂಟಮ್ ಲಿಂಬ್ ಪೇನ್' ಎಂದು ಪ್ರಸಿದ್ಧವಾದ ಇದನ್ನೇ ನಾವು ಲುಪ್ತಾಂಗವೇದನೆ ಎಂದು ಕರೆದಿದ್ದೇವೆ. ಉಳಿದ ಮೋಟಿನಲ್ಲಿಯೇ ನೋವಿರುವುದು ಮೂರನೆಯದು. ಮನುಷ್ಯರಲ್ಲಿ ಈ ಮೂರನ್ನೂ ರೋಗಿಯ ಮಾತಿನಿಂದ ಬೇರ್ಪಡಿಸಬಹುದು. ನಾಯಿಯಲ್ಲಿ ಬೇರ್ಪಡಿಸುವುದು ಕಷ್ಟ. ಚಿಕಿತ್ಸೆಯ ತೊಡಕು ಆರಂಭವಾಗುವುದು ಇಲ್ಲಿಂದಲೇ.

ನಾಯಿಗಳ ಕಾಲನ್ನು ತೆಗೆಯಬೇಕಾದ ಸಂದರ್ಭಗಳು ಮುಖ್ಯವಾಗಿ ಎರಡು. ವಾಹನದ ಕೆಳಗೆ ಸಿಕ್ಕಿ ಮೂಳೆ ಪುಡಿಯಾಗುವುದು ಅಥವಾ ನರ ಹರಿದುಹೋಗುವುದು ಒಂದು. ಆಸ್ಟಿಯೊಸಾರ್ಕೋಮವೆಂಬ ಮೂಳೆಯ ಕ್ಯಾನ್ಸರ್ ಇನ್ನೊಂದು. ಗ್ರೇಟ್ ಡೇನ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್ ಮೊದಲಾದ ದೊಡ್ಡ ಮೈಕಟ್ಟಿನ ತಳಿಗಳಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಾಣುತ್ತದೆ. ಇಂಥ ನಾಯಿಗಳು ಶಸ್ತ್ರಕ್ರಿಯೆಗೆ ಬರುವ ಮೊದಲೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ತೀವ್ರವಾದ ನೋವನ್ನು ಉಂಡಿರುತ್ತವೆ.

2. ಮನುಷ್ಯರ ಸಾಕ್ಷ್ಯ

ಲುಪ್ತಾಂಗವೇದನೆಯ ಚರಿತ್ರೆಯು ಆದಿಯಿಂದಲೂ ರೋಗಿಗಳ ಮಾತಿನ ಚರಿತ್ರೆಯೇ ಆಗಿದೆ. ಹದಿನಾರನೆಯ ಶತಮಾನದ ಫ್ರಾನ್ಸಿನ ಸೇನಾವೈದ್ಯನಾದ ಆಂಬ್ರ್ವಾಸ್ ಪಾರೆಯು (1510–1590) ಯುದ್ಧರಂಗದಲ್ಲಿ ಅನೇಕರ ಕೈಕಾಲುಗಳನ್ನು ಕತ್ತರಿಸಬೇಕಾಯಿತು. ಕಾದ ಕಬ್ಬಿಣದಿಂದ ಸುಡುವ ಬದಲು ರಕ್ತನಾಳಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ಅಂಗಚ್ಛೇದನದಲ್ಲಿ ರೂಢಿಗೆ ತಂದವನು ಅವನು. ಕತ್ತರಿಸಿದ ಎಷ್ಟೋ ಕಾಲದ ಮೇಲೂ ಸೈನಿಕರು ಇಲ್ಲದ ಅಂಗದಲ್ಲಿ ನೋವೆಂದು ದೂರುತ್ತಿದ್ದುದನ್ನು ಅವನು ಬರೆದಿಟ್ಟನು.

ಈ ಅನುಭವಕ್ಕೆ ಇಂದಿನ ಹೆಸರು ಬಂದುದು ಅಮೆರಿಕದ ಅಂತರ್ಯುದ್ಧದ (1861–65) ತರುವಾಯ. ಫಿಲಡೆಲ್ಫಿಯದ ವೈದ್ಯನಾದ ಸೈಲಾಸ್ ವಿಯರ್ ಮಿಚೆಲ್ ನರಗಳಿಗೆ ಪೆಟ್ಟು ಬಿದ್ದ ಸೈನಿಕರಿಗೆ ಚಿಕಿತ್ಸೆ ಮಾಡಿದವನು. ತಾನು ಕಂಡುದನ್ನು ಅವನು ಮೊದಲು ಜನರ ಮುಂದಿಟ್ಟುದು ಕಥೆಯ ರೂಪದಲ್ಲಿ. 1866ರಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಹೆಸರಿಲ್ಲದೆ ಪ್ರಕಟವಾದ ಆ ಕಥೆಯ ನಾಯಕನು ಕೈಕಾಲು ನಾಲ್ಕನ್ನೂ ಕಳೆದುಕೊಂಡವನು. ಓದಿದವರಲ್ಲಿ ಹಲವರು ಅದನ್ನು ನಿಜವೆಂದೇ ನಂಬಿ ಅವನಿಗಾಗಿ ಹಣ ಕೂಡಿಸಿದರಂತೆ. 1871ರಲ್ಲಿ ಮಿಚೆಲನು ತನ್ನ ಹೆಸರಿನಲ್ಲಿಯೇ ಈ ವಿಷಯವನ್ನು ಕುರಿತು ಬರೆದನು. ಆ ಲೇಖನದಿಂದ 'ಫ್ಯಾಂಟಮ್ ಲಿಂಬ್' ಎಂಬ ಹೆಸರು ನೆಲೆನಿಂತಿತು. ಅವನು ಪರಿಶೀಲಿಸಿದ 90 ಮಂದಿಯಲ್ಲಿ 86 ಮಂದಿಗೆ ಇಲ್ಲದ ಅಂಗದ ಅನುಭವವಿದ್ದಿತು. 1887ರಲ್ಲಿ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಅಂಗಹೀನರಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ 185 ಉತ್ತರಗಳ ಆಧಾರದಿಂದ ಇದೇ ವಿಷಯವನ್ನು ಚರ್ಚಿಸಿದನು. ಹೀಗೆ ಪಾರೆಯಿಂದ ಜೇಮ್ಸನವರೆಗೆ ಸಂಗ್ರಹವಾದ ಆಧಾರವೆಲ್ಲ ಬಾಯಿಮಾತಿನದು ಅಥವಾ ಕೈಬರಹದ್ದು. ಮಾತಿಲ್ಲದವರಿಗೆ ಈ ಸಂಗ್ರಹದಲ್ಲಿ ಸ್ಥಳವಿರಲಿಲ್ಲ.

3. ಮಾತಿಲ್ಲದವರ ವಿಷಯದಲ್ಲಿ ನಡೆದ ತರ್ಕ

ಈ ಪ್ರಸಂಗದಲ್ಲಿ ರೆನೆ ಡೇಕಾರ್ಟನ ಹೆಸರು ಎರಡು ಕಡೆಯಿಂದ ಬರುತ್ತದೆ. 1644ರ ತನ್ನ ಗ್ರಂಥವೊಂದರಲ್ಲಿ ಅವನು ಕೈಯಲ್ಲಿ ರೋಗವಾಗಿದ್ದ ಹುಡುಗಿಯೊಬ್ಬಳ ವೃತ್ತಾಂತವನ್ನು ಹೇಳಿದ್ದಾನೆ. ವೈದ್ಯನು ಬಂದಾಗಲೆಲ್ಲ ಅವಳ ಕಣ್ಣನ್ನು ಕಟ್ಟುತ್ತಿದ್ದರು. ಕೊಳೆತ ತೋಳನ್ನು ಮೊಣಕೈಯವರೆಗೆ ಕತ್ತರಿಸಿ, ಅವಳಿಗೆ ತಿಳಿಯದಂತೆ ಆ ಸ್ಥಳದಲ್ಲಿ ಬಟ್ಟೆಯನ್ನು ಸುತ್ತಿಟ್ಟರು. ಆ ಬಳಿಕವೂ ಅವಳು ಇಲ್ಲದ ಬೆರಳುಗಳು ನೋಯುತ್ತಿವೆಯೆಂದು ಹೇಳುತ್ತಿದ್ದಳು. ನೋವಿನ ಅರಿವು ಉಂಟಾಗುವುದು ಕೈಯಲ್ಲಲ್ಲ, ಮಿದುಳಿನ ಮೂಲಕ ಎಂಬುದಕ್ಕೆ ಇದನ್ನು ಡೇಕಾರ್ಟನು ಪ್ರಮಾಣವಾಗಿ ಬಳಸಿದನು. ಅದೇ ಡೇಕಾರ್ಟನು 1637ರ ಗ್ರಂಥದಲ್ಲಿ ಪ್ರಾಣಿಗಳನ್ನು ಗಡಿಯಾರದಂಥ ಯಂತ್ರಗಳಿಗೆ ಹೋಲಿಸಿದ್ದನು. ಅವು ಮಾತನಾಡಲಾರವೆಂಬುದನ್ನು ಅವುಗಳಿಗೆ ವಿವೇಚನಾಶಕ್ತಿಯಿಲ್ಲವೆಂಬುದರ ಮುಖ್ಯ ಗುರುತಾಗಿ ಎಣಿಸಿದ್ದನು. ಅವನ ಮಾರ್ಗವನ್ನು ಹಿಡಿದ ಮಾಲ್‌ಬ್ರಾಂಶನು ಇನ್ನೂ ಮುಂದೆ ಹೋಗಿ ಪ್ರಾಣಿಗಳಿಗೆ ನೋವೇ ಇಲ್ಲವೆಂದು ವಾದಿಸಿದನು. ಹುಡುಗಿಯ ದೂರು ಪ್ರಮಾಣವಾಯಿತು; ನಾಯಿಯ ಕೂಗು ಯಂತ್ರದ ಸದ್ದಾಯಿತು.

1789ರಲ್ಲಿ ಜೆರೆಮಿ ಬೆಂಥಮನು ಈ ವಾದದ ನೆಲೆಯನ್ನೇ ಬದಲಿಸಿದನು. ಪ್ರಾಣಿಗಳಿಗೆ ವಿವೇಕವಿದೆಯೆ, ಮಾತಿದೆಯೆ ಎಂಬುದಕ್ಕಿಂತ ಅವು ನೋಯಬಲ್ಲವೆ ಎಂಬುದೇ ಮುಖ್ಯವೆಂದು ಅವನು ವಾದಿಸಿದನು. ಆದರೆ ವೈದ್ಯಶಾಸ್ತ್ರದಲ್ಲಿ ಮಾತನ್ನೇ ಪ್ರಮಾಣವಾಗಿ ಹಿಡಿಯುವ ಅಭ್ಯಾಸ ಬಹುಕಾಲ ಉಳಿಯಿತು. ಇದರಿಂದ ನೊಂದವರು ಪ್ರಾಣಿಗಳು ಮಾತ್ರವಲ್ಲ. ನವಜಾತ ಶಿಶುಗಳಿಗೆ ನೋವಿನ ಅರಿವು ಪೂರ್ತಿಯಾಗಿ ಬಂದಿರುವುದಿಲ್ಲವೆಂಬ ನಂಬಿಕೆಯಿಂದ, ಇಪ್ಪತ್ತನೆಯ ಶತಮಾನದ ಎಂಟನೆಯ ಮತ್ತು ಒಂಬತ್ತನೆಯ ದಶಕಗಳಲ್ಲಿಯೂ ಅವುಗಳಿಗೆ ತೀರ ಕಡಮೆ ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆ ನಡೆಸುವುದುಂಟಾಗಿತ್ತು. 1987ರಲ್ಲಿ ಕೆ. ಜೆ. ಎಸ್. ಆನಂದ್ ಮತ್ತು ಅವರ ಸಹೋದ್ಯೋಗಿಗಳು, ಸಾಕಷ್ಟು ನೋವುಶಾಮಕ ಕೊಟ್ಟ ಶಿಶುಗಳು ಶಸ್ತ್ರಕ್ರಿಯೆಯ ಆಘಾತವನ್ನು ಉತ್ತಮವಾಗಿ ತಾಳಿಕೊಳ್ಳುವುವೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿದ ಮೇಲೆ ಈ ಪದ್ಧತಿ ಶೀಘ್ರವಾಗಿ ಬದಲಾಯಿತು.

ನೋವನ್ನು ಅಧ್ಯಯನಮಾಡುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿಗೆ ಒಂದು ಲಕ್ಷಣವನ್ನು ನಿರ್ಣಯಿಸಿ, 2020ರಲ್ಲಿ ಅದನ್ನು ಪರಿಷ್ಕರಿಸಿತು. ಮಾತಿನ ವರ್ಣನೆಯು ನೋವನ್ನು ಪ್ರಕಟಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ; ಹೇಳಿಕೊಳ್ಳಲಾರದ ಕಾರಣದಿಂದ ಮನುಷ್ಯನಿಗಾಗಲಿ ಇತರ ಪ್ರಾಣಿಗಾಗಲಿ ನೋವಿರುವ ಸಂಭವವನ್ನು ಅಲ್ಲಗಳೆಯಬಾರದು ಎಂಬ ಅಭಿಪ್ರಾಯದ ಟಿಪ್ಪಣಿಯನ್ನು ಆಗ ಸ್ಪಷ್ಟವಾಗಿ ಸೇರಿಸಲಾಯಿತು. ಹುಡುಗಿಯ ಮಾತನ್ನು ನಂಬಿ ನಾಯಿಯ ಕೂಗನ್ನು ತಳ್ಳಿಹಾಕಿದ ಕಾಲದಿಂದ ಇಲ್ಲಿಗೆ ಬರಲು ಸುಮಾರು ನಾಲ್ಕು ಶತಮಾನಗಳು ಬೇಕಾದುವು.

4. ನರಮಂಡಲದ ಸಾಕ್ಷ್ಯ

ಮಾತಿನ ಹೊರಗೆ ದೊರೆಯುವ ಆಧಾರಗಳಲ್ಲಿ ನರಮಂಡಲದ ರಚನೆಯು ಮೊದಲನೆಯದು. ಕಾಲನ್ನು ಕತ್ತರಿಸಿದಾಗ ಅದರ ನರಗಳನ್ನೂ ಕತ್ತರಿಸಬೇಕಾಗುತ್ತದೆ. ಕಡಿದ ನರದ ತುದಿ ಸುಮ್ಮನಿರುವುದಿಲ್ಲ. ಅದು ಮತ್ತೆ ಚಿಗುರಲು ಯತ್ನಿಸಿ, ದಾರಿ ಕಾಣದೆ ಸುತ್ತಿಕೊಂಡು ನ್ಯೂರೋಮವೆಂಬ ಗಂಟಾಗುತ್ತದೆ. ಆ ಗಂಟಿನಿಂದ ಕಾರಣವಿಲ್ಲದೆಯೇ ಸಂದೇಶಗಳು ಬೆನ್ನುಹುರಿಯತ್ತ ಹರಿಯುತ್ತವೆ. ಬಹುಕಾಲ ನೋವಿನ ಸಂದೇಶಗಳನ್ನು ಪಡೆದ ಬೆನ್ನುಹುರಿಯ ಕೋಶಗಳು ತಾವೇ ಉದ್ರಿಕ್ತವಾಗಿ, ಚಿಕ್ಕ ಪ್ರಚೋದನೆಗೂ ದೊಡ್ಡ ಉತ್ತರ ಕೊಡತೊಡಗುತ್ತವೆಂದು 1983ರಲ್ಲಿ ಕ್ಲಿಫರ್ಡ್ ವುಲ್ಫ್ ತೋರಿಸಿದರು. ಮೂರನೆಯ ನೆಲೆ ಮಿದುಳಿನದು. ಅಂಗಾಂಗಗಳ ಒಂದು ನಕ್ಷೆಯೇ ಮಿದುಳಿನ ಹೊರಪದರದಲ್ಲಿದ್ದು, ಅಂಗವು ಹೋದ ಬಳಿಕ ಆ ಭಾಗವನ್ನು ನೆರೆಯ ಅಂಗಗಳು ಆಕ್ರಮಿಸುವುದನ್ನು 1984ರಲ್ಲಿ ಮರ್ಜೆನಿಕ್ ಮತ್ತು ಸಂಗಡಿಗರು ಬೆರಳು ತೆಗೆದ ಕೋತಿಗಳಲ್ಲಿ ಕಂಡರು. 1995ರಲ್ಲಿ ಹೆರ್ಟಾ ಫ್ಲೋರ್ ಮತ್ತು ಸಂಗಡಿಗರು, ಮನುಷ್ಯರಲ್ಲಿ ಈ ಮಾರ್ಪಾಟು ಹೆಚ್ಚಿದಷ್ಟೂ ಲುಪ್ತಾಂಗವೇದನೆಯೂ ಹೆಚ್ಚೆಂದು ವರದಿಮಾಡಿದರು. 2013ರಲ್ಲಿ ತಮರ್ ಮ್ಯಾಕಿನ್ ಮತ್ತು ಸಂಗಡಿಗರ ಶೋಧನೆಯು, ನೋವುಳ್ಳವರಲ್ಲಿ ಇಲ್ಲದ ಕೈಯ ನಕ್ಷೆಯು ಉಳಿದೇ ಇರುವುದೆಂದು ತೋರಿಸಿ ಈ ಅಭಿಪ್ರಾಯವನ್ನು ಪ್ರಶ್ನಿಸಿತು. ಚರ್ಚೆಯು ಇನ್ನೂ ಮುಗಿದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮನುಷ್ಯನ ಲುಪ್ತಾಂಗವೇದನೆಗೆ ವಿವರಣೆ ದೊರೆತುದು ಬಹುಮಟ್ಟಿಗೆ ಇಲಿಗಳ ಮತ್ತು ಕೋತಿಗಳ ನರಮಂಡಲದಿಂದ. ಅವುಗಳ ನರಗಳು ನಮ್ಮವನ್ನು ಹೋಲುತ್ತವೆಂಬ ನಂಬಿಕೆಯಿಂದಲೇ ಆ ಪ್ರಯೋಗಗಳು ನಡೆದುವು. ಮನುಷ್ಯನ ನೋವಿಗೆ ಪ್ರಾಣಿಯನ್ನು ಪ್ರಮಾಣವಾಗಿ ಒಪ್ಪಿ, ಪ್ರಾಣಿಯ ನೋವಿನ ಪ್ರಶ್ನೆ ಬಂದಾಗ ಆ ಹೋಲಿಕೆಯನ್ನು ನಿರಾಕರಿಸುವುದು ಸುಸಂಗತವಾಗಲಾರದು. ನಾಯಿಯ ಕಡಿದ ನರವೂ ಗಂಟುಕಟ್ಟುತ್ತದೆ. ಅದರ ಬೆನ್ನುಹುರಿಯೂ ಉದ್ರಿಕ್ತವಾಗುತ್ತದೆ.

ಆದರೆ ಈ ಸಾಕ್ಷ್ಯಕ್ಕೆ ಮಿತಿಯುಂಟು. 1979ರಲ್ಲಿ ಪ್ಯಾಟ್ರಿಕ್ ವಾಲ್ ಮತ್ತು ಸಂಗಡಿಗರು, ನರ ಕಡಿದ ಇಲಿಗಳು ಸ್ಪರ್ಶವಿಲ್ಲದ ತಮ್ಮ ಪಾದವನ್ನು ತಾವೇ ಕಚ್ಚಿಕೊಳ್ಳುವುದನ್ನು ವಿವರಿಸಿದರು. ಇದು ನೋವಿನ ಲಕ್ಷಣವೆಂದು ಕೆಲವರೂ, ಅರಿವಿಲ್ಲದ ಅಂಗವನ್ನು ಶುಚಿಮಾಡುವ ಯತ್ನವು ಮಿತಿಮೀರಿದುದೆಂದು ಮತ್ತೆ ಕೆಲವರೂ ವ್ಯಾಖ್ಯಾನಿಸಿದರು. ಒಂದೇ ಶಾಸನಪಾಠಕ್ಕೆ ಎರಡು ಅರ್ಥಗಳನ್ನು ಹೇಳುವ ಪಂಡಿತರನ್ನು ಬಲ್ಲ ನಮಗೆ ಇದು ಆಶ್ಚರ್ಯಕರವಲ್ಲ. ನರವು ಉದ್ರಿಕ್ತವಾಗಿದೆಯೆಂದು ಅಳೆಯಬಹುದು; ಆ ಉದ್ರೇಕವು ನಾಯಿಗೆ 'ಇಲ್ಲದ ಪಾದದ ನೋವು' ಎಂದು ತೋರುವುದೊ ಮೋಟಿನ ನೋವೆಂದು ತೋರುವುದೊ ಎಂಬುದನ್ನು ಅಳೆಯುವ ಸಾಧನವಿಲ್ಲ.

5. ನಡವಳಿಕೆಯ ಸಾಕ್ಷ್ಯ

ಎರಡನೆಯ ಆಧಾರವು ನಾಯಿಯ ನಡವಳಿಕೆ. ನಿದ್ರೆಯಿಂದ ಅಥವಾ ವಿಶ್ರಾಂತಿಯಿಂದ ತಟ್ಟನೆ ಎದ್ದು ಕಿರುಚುವುದು, ಹಿಂದಿರುಗಿ ಮೋಟಿನ ಕಡೆ ನೋಡುವುದು, ಗಾಯ ಮಾಗಿದ ಮೇಲೂ ಆ ಸ್ಥಳವನ್ನು ನೆಕ್ಕುತ್ತ ಕಡಿಯುತ್ತ ಇರುವುದು, ಮೋಟಿನ ಸ್ನಾಯುಗಳು ಅದುರುವುದು, ರಾತ್ರಿ ಮಲಗಲಾರದೆ ಸುತ್ತುವುದು, ಮುಟ್ಟಬಂದವರಿಂದ ಸರಿದುಹೋಗುವುದು—ಇವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಇಟಲಿಯ ಪಶುವೈದ್ಯ ಸಂಶೋಧಕರು ಕಾಲು ಕಳೆದುಕೊಂಡ ನಾಯಿಗಳ ಒಡೆಯರಿಂದ ಪ್ರಶ್ನಾವಳಿಗೆ ಉತ್ತರ ಪಡೆದು 2017ರಲ್ಲಿ ಈ ವಿಷಯವಾಗಿ ಲೇಖನ ಪ್ರಕಟಿಸಿದರು. ಜೇಮ್ಸನು 1887ರಲ್ಲಿ ಅನುಸರಿಸಿದ ಮಾರ್ಗವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಉತ್ತರ ಬರೆದವರು ನೋವುಂಡವರಲ್ಲ, ಅವರನ್ನು ಹತ್ತಿರದಿಂದ ಕಂಡವರು.

ಕಂಡವರ ಹೇಳಿಕೆಯನ್ನು ಶಿಸ್ತಿಗೆ ಒಳಪಡಿಸುವ ಯತ್ನವೂ ನಡೆದಿದೆ. ಗ್ಲಾಸ್ಗೊ ವಿಶ್ವವಿದ್ಯಾನಿಲಯದ ವಿದ್ವಾಂಸರು 2001ರಲ್ಲಿ ರೂಪಿಸಿ, 2007ರಲ್ಲಿ ಸಂಕ್ಷೇಪಿಸಿದ ನೋವಿನ ಮಾಪಕವು ಇದಕ್ಕೆ ಉತ್ತಮ ನಿದರ್ಶನ. ನಾಯಿಯ ಸದ್ದು, ಗಾಯದ ಕಡೆ ಅದರ ಗಮನ, ಚಲನೆ, ಮುಟ್ಟಿದಾಗಿನ ಪ್ರತಿಕ್ರಿಯೆ, ಮನಃಸ್ಥಿತಿ, ಮೈಯ ಭಂಗಿ ಎಂಬ ಆರು ಅಂಶಗಳಿಗೆ ಇದರಲ್ಲಿ ಅಂಕಗಳನ್ನು ಕೊಡುತ್ತಾರೆ. ಒಟ್ಟು 24ರಲ್ಲಿ 6, ಅಥವಾ ಚಲನೆಯನ್ನು ಪರೀಕ್ಷಿಸಲಾಗದಿದ್ದರೆ 20ರಲ್ಲಿ 5, ಬಂದರೆ ನೋವುಶಾಮಕವನ್ನು ಹೆಚ್ಚಿಸುವ ವಿಷಯವನ್ನು ಆಲೋಚಿಸಬೇಕೆಂಬುದು ನಿಯಮ. ಇದು ಶಸ್ತ್ರಕ್ರಿಯೆಯ ಆಸುಪಾಸಿನ ತೀವ್ರ ನೋವಿಗಾಗಿ ಮಾಡಿದುದು. ತಿಂಗಳುಗಳ ಅನಂತರ ಬಂದು ಹೋಗುವ ನೋವಿಗೆ ಒಡೆಯನ ದಿನಚರಿಯೇ ಹೆಚ್ಚಿನ ಆಧಾರ. ಯಾವ ದಿನ, ಯಾವ ಹೊತ್ತು, ಎಷ್ಟು ನಿಮಿಷ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂಬುದನ್ನು ಆಗಿಂದಾಗಲೇ ಬರೆದಿಡಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರಿಸಿಡಬೇಕು. ನೆನಪಿನಿಂದ ಹೇಳಿದುದಕ್ಕಿಂತ ಸಮಕಾಲೀನ ದಾಖಲೆಗೆ ಬೆಲೆ ಹೆಚ್ಚೆಂಬ ನಮ್ಮ ಶಾಸ್ತ್ರದ ನಿಯಮ ಇಲ್ಲಿಯೂ ಸಲ್ಲುತ್ತದೆ.

ಇಂಥ ಲಕ್ಷಣಗಳನ್ನು ಕಂಡೊಡನೆ ಲುಪ್ತಾಂಗವೇದನೆಯೆಂದು ಹೆಸರಿಡುವುದೂ ಸಲ್ಲದು. ಗಾಯದಲ್ಲಿ ಕೀವು, ಉಳಿದ ಹೊಲಿಗೆ, ಮೋಟಿನಲ್ಲಿ ಒತ್ತುವ ಮೂಳೆಯ ತುದಿ, ನರದ ಗಂಟು, ಉಳಿದ ಕಾಲುಗಳ ಕೀಲುನೋವು, ಬೆನ್ನಿನ ತೊಂದರೆ, ಕ್ಯಾನ್ಸರಿನ ಮರುಕಳಿಕೆ—ಇವೆಲ್ಲವೂ ಇದೇ ಲಕ್ಷಣಗಳನ್ನು ತೋರಬಲ್ಲವು. ಇವನ್ನು ಒಂದೊಂದಾಗಿ ಪರೀಕ್ಷಿಸಿ ಕಳೆದ ಮೇಲೆ ಉಳಿಯುವುದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು.

6. ಚಿಕಿತ್ಸೆಯ ಕ್ರಮ

ನಾವು ವೈದ್ಯರಲ್ಲದ ಕಾರಣ ಔಷಧಗಳ ಪ್ರಮಾಣವನ್ನು ಹೇಳಹೊರಡುವುದಿಲ್ಲ. ಪ್ರಕಟವಾದ ಆಧಾರಗಳಿಂದ ತಿಳಿದುಬರುವ ಕ್ರಮವನ್ನು ಮಾತ್ರ ನಿರೂಪಿಸುತ್ತೇವೆ. ಈ ಕ್ರಮವನ್ನು ಶಸ್ತ್ರಕ್ರಿಯೆಗೆ ಮೊದಲು, ಶಸ್ತ್ರಕ್ರಿಯೆಯ ಕಾಲ, ಆಮೇಲೆ ಎಂದು ಮೂರು ಭಾಗಮಾಡಬಹುದು.

ಅಂಗಚ್ಛೇದನಕ್ಕೆ ಮುಂಚಿನ ನೋವು ಹೆಚ್ಚಾಗಿದ್ದವರಿಗೆ ಲುಪ್ತಾಂಗವೇದನೆಯ ಸಂಭವವೂ ಹೆಚ್ಚೆಂಬುದು ಮನುಷ್ಯರಲ್ಲಿ ಹಲವರು ಕಂಡಿರುವ ಸಂಗತಿ. ಆದುದರಿಂದ ಹೇಗೂ ಕಾಲನ್ನು ತೆಗೆಯುವುದೇ ಆಯಿತಲ್ಲ ಎಂದು ಅದುವರೆಗಿನ ನೋವನ್ನು ಅಲಕ್ಷಿಸಬಾರದು. ಬೆನ್ನುಹುರಿಯ ಹೊರಪೊರೆಯಲ್ಲಿ ಅರಿವಳಿಕೆಯನ್ನು ಮುಂಚಿತವಾಗಿಯೇ ಕೊಡುವುದರಿಂದ ಲುಪ್ತಾಂಗವೇದನೆಯನ್ನು ತಡೆಯಬಹುದೆಂದು 1988ರಲ್ಲಿ 25 ಮಂದಿಯ ಮೇಲೆ ನಡೆದ ಶೋಧನೆಯೊಂದು ಭರವಸೆ ಕೊಟ್ಟಿತು. 1997ರಲ್ಲಿ ಡೆನ್ಮಾರ್ಕಿನಲ್ಲಿ 60 ಮಂದಿಯ ಮೇಲೆ ನಡೆದ ಪರೀಕ್ಷೆಯು ಅದನ್ನು ಸಮರ್ಥಿಸಲಿಲ್ಲ. ಒಂದೇ ಉಪಾಯದಿಂದ ತಡೆಯಲಾಗದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಈಗಿನ ಪಶುವೈದ್ಯರು ಬೇರೆಬೇರೆ ನೆಲೆಗಳಲ್ಲಿ ಕೆಲಸಮಾಡುವ ಹಲವು ಔಷಧಗಳನ್ನು ಒಟ್ಟಿಗೆ ಬಳಸುತ್ತಾರೆ: ಉರಿಯೂತವನ್ನು ತಗ್ಗಿಸಲು ಕಾರ್ಪ್ರೊಫೆನ್ ಅಥವಾ ಮೆಲಾಕ್ಸಿಕ್ಯಾಮ್, ತೀವ್ರ ನೋವಿಗೆ ಅಫೀಮಿನ ವರ್ಗದ ಔಷಧಗಳು, ನರವನ್ನು ಕತ್ತರಿಸುವ ಮುನ್ನ ಅದನ್ನೇ ಮರಗಟ್ಟಿಸುವ ಸ್ಥಾನಿಕ ಅರಿವಳಿಕೆ.

ನಾಯಿಗಳಲ್ಲಿಯೇ ನಡೆದ ಪರೀಕ್ಷೆಗಳು ವಿರಳ, ಆದರೆ ಇಲ್ಲದಿಲ್ಲ. ಮುಂಗಾಲು ತೆಗೆದ 27 ನಾಯಿಗಳಲ್ಲಿ ಕೆಲವಕ್ಕೆ ಕೆಟಮೀನನ್ನು ಅಲ್ಪಪ್ರಮಾಣದಲ್ಲಿ ನಿರಂತರವಾಗಿ ಹರಿಸಿದಾಗ ನೋವು ಕಡಮೆಯಾಗಿ, ಮೂರನೆಯ ದಿನಕ್ಕೆ ಅವು ಇತರ ನಾಯಿಗಳಿಗಿಂತ ಹೆಚ್ಚು ಚಟುವಟಿಕೆಯಿಂದಿದ್ದುವೆಂದು 2002ರಲ್ಲಿ ವರದಿಯಾಯಿತು. ಬೆನ್ನುಹುರಿಯ ಕೋಶಗಳ ಉದ್ರೇಕವನ್ನು ಕೆಟಮೀನ್ ತಡೆಯುವುದೆಂಬ ಹಿಂದಿನ ವಿವರಣೆಗೆ ಇದು ಹೊಂದುತ್ತದೆ. ಗ್ಯಾಬಪೆಂಟಿನ್ ಎಂಬ ಔಷಧವನ್ನು ಇಂಥದೇ 30 ನಾಯಿಗಳಲ್ಲಿ ಪರೀಕ್ಷಿಸಿದ 2010ರ ವರದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಎರಡು ಪರೀಕ್ಷೆಗಳೂ ಶಸ್ತ್ರಕ್ರಿಯೆಯ ಆಸುಪಾಸಿನ ದಿನಗಳನ್ನು ಕುರಿತವು. ತಿಂಗಳುಗಳ ಮೇಲಿನ ಲುಪ್ತಾಂಗವೇದನೆಯನ್ನು ಅವು ಅಳೆಯಲಿಲ್ಲ. ನರದ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮ್ಯಾಂಟಡೀನ್ ಇವುಗಳ ಬಳಕೆ ಪಶುವೈದ್ಯರಲ್ಲಿ ರೂಢವಾಗಿದ್ದರೂ, ಆ ರೂಢಿಗೆ ಮನುಷ್ಯರ ಅನುಭವವೂ ಔಷಧದ ಕಾರ್ಯವಿಧಾನವೂ ಬಹುಮಟ್ಟಿನ ಆಧಾರವೆಂದು ತಿಳಿಯಬೇಕು.

ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲಸಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ಕನ್ನಡಿಯ ಚಿಕಿತ್ಸೆಯು ಮನುಷ್ಯರಲ್ಲಿ ಪ್ರಸಿದ್ಧವಾಗಿದೆ. ಉಳಿದ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯೆಂದು ಕಾಣುವ ಈ ಉಪಾಯಕ್ಕೆ ರೋಗಿಯ ಸಹಕಾರವೂ ಗ್ರಹಿಕೆಯೂ ಬೇಕಾಗಿರುವುದರಿಂದ ನಾಯಿಗೆ ಅದು ಸಲ್ಲದು. ಅದರ ಬದಲು ಗಾಯ ಮಾಗಿದ ಮೇಲೆ ಮೋಟನ್ನು ಮೃದುವಾಗಿ ನೀವಿ ಸ್ಪರ್ಶಕ್ಕೆ ಒಗ್ಗಿಸುವುದು, ಕ್ರಮವಾದ ಅಂಗಸಾಧನೆ, ಕೆಲವೆಡೆ ಸೂಜಿಚಿಕಿತ್ಸೆ ಇವನ್ನು ಬಳಸುತ್ತಾರೆ.

ಮನೆಯ ಉಪಚಾರವೂ ಅಷ್ಟೇ ಮುಖ್ಯವಾದುದು. ನಾಯಿಯ ದೇಹಭಾರದ ಸುಮಾರು 60 ಭಾಗ ಮುಂಗಾಲುಗಳ ಮೇಲಿರುವುದರಿಂದ, ಒಂದು ಮುಂಗಾಲು ಹೋದರೆ ಉಳಿದುದರ ಮೇಲೆ ಬೀಳುವ ಹೊರೆ ಬಹಳ. ಮೈ ಕೊಬ್ಬದಂತೆ ಆಹಾರವನ್ನು ಮಿತಗೊಳಿಸಬೇಕು. ನುಣುಪಾದ ನೆಲದ ಮೇಲೆ ಜಾರದಂಥ ಹಾಸನ್ನು ಹಾಕಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಮನೆಯವರು ತಾವಾಗಿ ಕೊಡುವುದು ಅಪಾಯಕರ: ಐಬುಪ್ರೊಫೆನ್ ನಾಯಿಯ ಜಠರಕ್ಕೂ ಮೂತ್ರಪಿಂಡಕ್ಕೂ, ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತಿಗೂ ರಕ್ತಕ್ಕೂ ಹಾನಿಮಾಡುತ್ತದೆ. ಮನುಷ್ಯರಿಗಾಗಿ ತಯಾರಾದ ಗ್ಯಾಬಪೆಂಟಿನ್ ದ್ರವಗಳಲ್ಲಿ ಕೆಲವಕ್ಕೆ ಸಿಹಿಗಾಗಿ ಝೈಲಿಟಾಲ್ ಬೆರೆಸಿರುತ್ತಾರೆ. ಅದು ನಾಯಿಗೆ ವಿಷ. ಬಹುದಿನ ಕೊಟ್ಟ ಗ್ಯಾಬಪೆಂಟಿನನ್ನು ಒಮ್ಮೆಗೇ ನಿಲ್ಲಿಸದೆ ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕು.

7. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಹೊರಡುವ ಸಂಗತಿಗಳನ್ನು ಅವುಗಳ ಬಲಾಬಲಕ್ಕೆ ತಕ್ಕಂತೆ ಹೀಗೆ ವಿಂಗಡಿಸಬಹುದು. ಅಂಗಚ್ಛೇದನದ ಬಳಿಕ ನಾಯಿಗೆ ನೋವಾಗುತ್ತದೆ, ಅದರ ನರಗಳಲ್ಲಿ ಮನುಷ್ಯನಲ್ಲಾಗುವ ಮಾರ್ಪಾಟುಗಳೇ ಆಗುತ್ತವೆ ಎಂಬುದು ನಿಶ್ಚಿತ. ಗಾಯ ಮಾಗಿದ ಮೇಲೂ ಕೆಲವು ನಾಯಿಗಳಲ್ಲಿ ನರದಿಂದ ಹುಟ್ಟುವ ನೋವು ಉಳಿಯುತ್ತದೆಂಬುದು ಬಲವಾಗಿ ಸಂಭಾವ್ಯ. ಆ ನೋವನ್ನು ನಾಯಿ ಇಲ್ಲದ ಪಾದದಲ್ಲಿ ಅನುಭವಿಸುತ್ತದೆಂಬುದು ಸಿದ್ಧವಾಗಿಲ್ಲ, ಬಹುಶಃ ಸಿದ್ಧವಾಗಲಾರದು.

ಚಿಕಿತ್ಸೆಗೆ ಮೊದಲ ಎರಡು ಸಾಕು. ನೋವಿಲ್ಲದ ನಾಯಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ದಿನ ಔಷಧ ಕೊಟ್ಟರೆ ಆಗುವ ತೊಂದರೆ ಸಾಮಾನ್ಯವಾಗಿ ಕೆಲದಿನದ ಮಂಪರು. ನೋವಿರುವ ನಾಯಿಗೆ ಕೊಡದಿದ್ದರೆ ಅದು ರಾತ್ರಿಯ ಮೇಲೆ ರಾತ್ರಿ ನರಳಬೇಕಾಗುತ್ತದೆ. ಆದುದರಿಂದ ಇತರ ಕಾರಣಗಳನ್ನು ಪರೀಕ್ಷಿಸಿ ಕಳೆದ ಮೇಲೆ, ನಿಯತಕಾಲದವರೆಗೆ ಔಷಧ ಕೊಟ್ಟು, ದಿನಚರಿಯಲ್ಲಿ ಅದರ ಫಲವನ್ನು ಗುರುತಿಸಿ, ಫಲ ಕಂಡರೆ ಮುಂದುವರಿಸಿ, ಕಾಣದಿದ್ದರೆ ಬದಲಿಸುವುದು ಯುಕ್ತವಾದ ಮಾರ್ಗ. ಔಷಧದಿಂದ ಕಿರುಚುವುದು ನಿಂತು ನಾಯಿ ಸುಖವಾಗಿ ನಿದ್ರಿಸಿದರೆ ಆ ನಿದ್ರೆಯೂ ಒಂದು ಸಾಕ್ಷ್ಯವೇ. ಅಂಥ ದಿನಚರಿಗಳನ್ನು ನಮ್ಮ ಪಶುವೈದ್ಯ ಕಾಲೇಜುಗಳು ಕ್ರಮವಾಗಿ ಸಂಗ್ರಹಿಸಿಟ್ಟರೆ, ಮುಂದೆ ಈ ವಿಷಯವನ್ನು ಬರೆಯುವವರಿಗೆ ನಮಗೆ ದೊರೆತುದಕ್ಕಿಂತ ಹೆಚ್ಚಿನ ಆಧಾರ ದೊರೆಯುವುದರಲ್ಲಿ ಸಂದೇಹವಿಲ್ಲ.